ಶೆಡ್ಡಿನಲ್ಲಿರುವ ಯೆಜ್ದಿಗೆ ಕಿಕ್ ಹೊಡೆಯುವ ಮುಂಚೆ

ಯೆಜ್ದಿ ಬೈಕ್ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಹಳೇ ಟೂ ಸ್ಟ್ರೋಕ್ ಯೆಜ್ದಿ ಯಾವುದೇ ಇರಲಿ, ಬದಲಾಯಿಸದೇ ಉಳಿದ ರಬ್ಬರಿಗೆಲ್ಲ ಕಡಿಮೆಯೆಂದರೂ ಮೂವತ್ತರ ಆಸುಪಾಸು ವಯಸ್ಸು. ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಗಾಡಿಗೆ ಹೊಸ ಪೆಟ್ರೋಲ್ ಹುಯ್ದು ಕಿಕ್ ಹೊಡೆದರೆ ಒಮ್ಮೊಮ್ಮೆ ಸ್ಟಾರ್ಟೂ ಆಗಿಬಿಡುತ್ತದೆ. ತೊಂದರೆ ಶುರುವಾಗುವುದೇ ಆಮೇಲೆ.

ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಲ್ಲಿ 20 ಮಿ.ಲೀ.ನಷ್ಟು ಟೂ-ಟಿ ಆಯಿಲ್ (ಪೆಟ್ರೋಲಿಗೆ ಬೆರೆಸುವ ಟೂ ಸ್ಟ್ರೋಕ್ ಎಣ್ಣೆ) ಬಿಟ್ಟು ಒಂದು ರಾತ್ರಿ ಇಡಿ. ಮಾರನೇ ದಿನ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಪಿಸ್ಟನ್ ಜಾಮ್ ಆಗಿದ್ದರೆ ಆಯಿಲಿಗೆ ಡೀಸೆಲ್ ಬೆರೆಸಿ ಬಿಟ್ಟು ಎರಡು ಮೂರು ದಿನ ಕಾಯಬೇಕು. ಅವಸರಕ್ಕೆ ಕಿಕ್ ಮೇಲೆ ಹತ್ತಿ ನಿಂತರೆ ತುಕ್ಕು ಹಿಡಿದ ಪಿಸ್ಟನ್ ರಿಂಗ್ ಮುರಿದು ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಗೀರು ಬೀಳುತ್ತದೆ. (ಯೆಜ್ದಿಗೆ ಹೊಸಬರಾದರೆ ಕಿಕ್ ಲಿವರ್ ಹುಡುಕಬೇಡಿ, ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್.) ಇಂಜಿನ್ ತಿರುಗತೊಡಗಿದ ಮೇಲೆ ಪ್ಲಗ್ ಹಾಕದೆಯೇ ನಾಲ್ಕೈದು ಕಿಕ್ ಹೊಡೆದು ಉಳಿದ ಎಣ್ಣೆ ಹೊರಹಾಕಿ.

ಟ್ಯಾಂಕಿನ ತುಕ್ಕಿಗೆ ಬಿಳಿ ವಿನೆಗರ್ ಸಾಕು. ತುಂಬಿಸಿ ಒಂದೆರಡು ದಿನ ಬಿಟ್ಟು, ಅಡುಗೆ ಸೋಡಾ ಕದಡಿದ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಒಳಗೆಲ್ಲ ಆಯಿಲ್ ಸವರುವಂತೆ ಕುಲುಕಿ. ಸೋಡಾ ನೀರಲ್ಲಿ ತೊಳೆಯದಿದ್ದರೆ ಸಂಜೆಯೊಳಗೆ ಮತ್ತೆ ಕೆಂಪು ತುಕ್ಕು. ಕಾರ್ಬೊರೇಟರಿನಲ್ಲಿ ಹಳೇ ಪೆಟ್ರೋಲ್ ಅಂಟಾಗಿ ಪೈಲಟ್ ಜೆಟ್ (ಐಡಲಿಂಗಿಗೆ ಪೆಟ್ರೋಲ್ ಬಿಡುವ ಸಣ್ಣ ತೂತು) ಮುಚ್ಚಿಹೋಗಿರುತ್ತದೆ. ಕ್ಲೀನರ್ ಸ್ಪ್ರೇ ಹೊಡೆದು, ವಯರಿನ ಒಂದೇ ತಾಮ್ರದ ಎಳೆಯಿಂದ ಬಿಡಿಸಿ. ಸೂಜಿ ತೂರಿಸಿದರೆ ತೂತು ದೊಡ್ಡದಾಗಿ ಐಡಲಿಂಗ್ ಎಂದೂ ಸರಿಹೋಗುವುದಿಲ್ಲ. ಸೈಲೆನ್ಸರ್ ಬಾಯಿಗೂ ಟಾರ್ಚ್ ಬಿಟ್ಟು ನೋಡಿ, ಕಣಜ ಮಣ್ಣಿನ ಗೂಡು ಕಟ್ಟಿರುವುದು ತೀರಾ ಸಾಮಾನ್ಯ.

ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸ್ವಿಚ್) ಇರುವ ಗಾಡಿಯಲ್ಲಿ ಕಿಡಿ ಬರದಿದ್ದರೆ ಮೊದಲು ಬ್ಯಾಟರಿ ನೋಡಿ, ಆಮೇಲೆ ಪಾಯಿಂಟ್. ಅದರ ಮೇಲೆ ಕಟ್ಟಿದ ಬೂದು ಪೊರೆಯನ್ನು ನಯವಾದ ಎಮೆರಿಯಿಂದ ತೆಗೆದು, ಪೂರ್ತಿ ತೆರೆದಾಗ 0.4 ಮಿ.ಮೀ. ಗ್ಯಾಪ್ ಇಡಿ. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ, ಅದನ್ನೂ ಮತ್ತೆ ನೋಡಬೇಕು.

ಇನ್ನು ಕ್ರ್ಯಾಂಕಿನ, ಅಂದರೆ ಪಿಸ್ಟನ್ ತಿರುಗಿಸುವ ದಂಡದ, ಎರಡೂ ಬದಿಯಲ್ಲಿರುವ ರಬ್ಬರ್ ಆಯಿಲ್ ಸೀಲ್. ಬಹಳ ಜನ ಇದನ್ನು ಕೊನೆಗೆ ನೋಡುತ್ತಾರೆ, ನನ್ನ ಪ್ರಕಾರ ಹಣ ಮೊದಲು ಹೋಗಬೇಕಾದ್ದೇ ಇಲ್ಲಿಗೆ. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್‌ಕೇಸೂ ಗಾಳಿಯಾಡದಂತೆ ಬಿಗಿಯಾಗಿರಬೇಕು, ಪೆಟ್ರೋಲು ಗಾಳಿಯ ಮಿಶ್ರಣವನ್ನು ಎಳೆದು ಮೇಲಕ್ಕೆ ದೂಡುವುದೇ ಅದು. ನಿಂತಲ್ಲೇ ನಿಂತ ಗಾಡಿಯಲ್ಲಿ ಸೀಲಿನ ತುಟಿ ಒಣಗಿ ಗಟ್ಟಿಯಾಗುತ್ತದೆ. ಎಡಗಡೆ, ಕ್ಲಚ್ ಬದಿಯದು ಹೋದರೆ ಇಂಜಿನ್ ಗೇರ್ ಆಯಿಲನ್ನೇ ಕುಡಿಯುತ್ತದೆ: ನಿಲ್ಲದ ದಟ್ಟ ಬಿಳಿ ಹೊಗೆ, ಪದೇ ಪದೇ ಕಪ್ಪಾಗುವ ಪ್ಲಗ್, ಇಳಿಯುತ್ತಲೇ ಹೋಗುವ ಗೇರ್ ಆಯಿಲ್. ಇದು ರಗಳೆ ಅಷ್ಟೇ. ಬಲಗಡೆ, ಡೈನಮೊ ಬದಿಯದು ಹೋದರೆ ಹೊಗೆಯ ಸುಳಿವೇ ಇರುವುದಿಲ್ಲ. ಹೊರಗಿನ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ರೇಸ್ ಆಗುತ್ತದೆ, ಬಿಸಿಯೇರುತ್ತದೆ, ಕೊನೆಗೆ ಹೆದ್ದಾರಿಯಲ್ಲಿ ಸೀಜ್. ಗಾಡಿ ಚೆನ್ನಾಗಿ ಎಳೆಯುತ್ತಿದೆ ಅಂತ ಖುಷಿಪಡುವ ಹೊತ್ತಿಗೇ ಪಿಸ್ಟನ್ ಹಿಡಿದಿರುತ್ತದೆ. ಸೀಲಿನ ಬೆಲೆ ಕಡಿಮೆ, ಕೆಲಸವೇ ಜಾಸ್ತಿ. ಎಡಕ್ಕೆ ಕ್ಲಚ್, ಪ್ರೈಮರಿ ಚೈನ್ ಇಳಿಸಬೇಕು. ಬಲಕ್ಕೆ ಡೈನಮೊ ರೋಟರ್ ಕಳಚಲು ಪುಲ್ಲರ್ (ಎಳೆದು ತೆಗೆಯುವ ಸಲಕರಣೆ) ಬೇಕು. ಸುತ್ತಿಗೆ ಮುಟ್ಟಬೇಡಿ, ಕ್ರ್ಯಾಂಕ್ ಅಲೈನ್‌ಮೆಂಟ್ ತಪ್ಪುತ್ತದೆ.

ಪೆಟ್ರೋಲಿಗೆ ಲೀಟರಿಗೆ 40 ಮಿ.ಲೀ. ಟೂ-ಟಿ, ಅಂದರೆ 1:25, ಜಾವಾ ಕಾಲದ ಲೆಕ್ಕ. ಮೊದಲ ಒಂದೆರಡು ಟ್ಯಾಂಕಿಗೆ ಅದೇ ಇರಲಿ. ಸುರಕ್ಷತೆಗೆ ಅಂತ ಇನ್ನೂ ಎಣ್ಣೆ ಸುರಿದರೆ ಅದೇ ಜೆಟ್ಟಿನಲ್ಲಿ ಹೋಗುವ ಪೆಟ್ರೋಲ್ ಅಷ್ಟು ಕಡಿಮೆಯಾಗಿ ಮಿಶ್ರಣ ತೆಳುವಾಗುತ್ತದೆ. ಈಗಿನ ಎಥನಾಲ್ ಪೆಟ್ರೋಲ್ ತೇವ ಹೀರುವುದರಿಂದ, ಓಡಿಸದ ವಾರಗಳಲ್ಲಿ ಟ್ಯಾಪ್ ಬಂದ್ ಮಾಡಿ ಕಾರ್ಬೊರೇಟರ್ ಬರಿದು ಮಾಡಿ.

ಕ್ಲಚ್ ಹಿಡಿದು ಗೇರ್ ಹಾಕಿದರೂ ಗಾಡಿ ಮುಂದೆ ನುಗ್ಗಿದರೆ ಪ್ಲೇಟುಗಳು ಅಂಟಿಕೊಂಡಿವೆ. ಇಂಜಿನ್ ಬಂದ್ ಮಾಡಿ, ಗೇರಿನಲ್ಲಿಟ್ಟು, ಕ್ಲಚ್ ಒತ್ತಿ ಹಿಂದೆ ಮುಂದೆ ತಳ್ಳಿದರೆ ಸಾಮಾನ್ಯವಾಗಿ ಬಿಡುತ್ತವೆ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ತಾರೀಖಿರುತ್ತದೆ, 0815 ಅಂದರೆ 2015ರ ಎಂಟನೇ ವಾರ. ಟೈರಿನ ಬಟನ್ ಸವೆಯದಿದ್ದರೂ ಅಷ್ಟು ಹಳೆಯದನ್ನು ಎಸೆಯಿರಿ. ಆರ್‌ಸಿಯ ಮೊದಲ 15 ವರ್ಷ ಈ ಗಾಡಿಗಳಿಗೆಲ್ಲ ಎಂದೋ ಮುಗಿದಿದೆ. ನವೀಕರಣಕ್ಕೆ ಫಾರ್ಮ್ 25, ಸಿಗುವುದು 5 ವರ್ಷಕ್ಕೆ. ಆರ್‌ಟಿಓ ತಪಾಸಣೆಗೆ ಹೋಗುವ ಮುಂಚೆ ಹಾರ್ನ್, ಬ್ರೇಕ್ ಲೈಟ್ ನೋಡಿಕೊಳ್ಳಿ, ಛಾಸಿ ನಂಬರ್ ಓದುವಂತೆ ಮೇಲಿನ ಬಣ್ಣ ಕೆರೆದಿಡಿ.