ಪೊರೆಯ ಅಂಚಿನಲ್ಲೊಂದು ಉಂಗುರ

ಸಿಲಿಕಾನ್ ಎಂದರೆ ಟ್ರಾನ್ಸಿಸ್ಟರ್ ಎಂದು ನಂಬಿಕೊಂಡೇ ಸ್ನಾತಕೋತ್ತರ ತರಗತಿಗೆ ಬಂದವರು ನಾವು. ಆ ಬೂದು ಬಿಲ್ಲೆಯೊಳಗೆ ಬೆಳಕು ಹರಿಯುತ್ತದೆ ಎಂದು ಫೋಟಾನಿಕ್ಸ್ (ಬೆಳಕನ್ನು ಪಳಗಿಸುವ ವಿದ್ಯೆ) ಕಲಿಸುವ ಮೇಷ್ಟರು ಹೇಳಿದಾಗ ಹಿಂದಿನ ಬೆಂಚಿನಲ್ಲಿ ಗುಸುಗುಸು ಎದ್ದಿತ್ತು. ಕಣ್ಣಿಗೆ ಕಾಣುವ ಬೆಳಕನ್ನು ಸಿಲಿಕಾನ್ ನುಂಗಿಬಿಡುತ್ತದೆ ನಿಜ. ಆದರೆ ತರಂಗಾಂತರ 1.1 ಮೈಕ್ರೊಮೀಟರ್ ದಾಟಿದರೆ ಅದು ಪಾರದರ್ಶಕ. 1550 ನ್ಯಾನೊಮೀಟರಿನಲ್ಲಿ ಅದರ ವಕ್ರೀಭವನಾಂಕ, ಅಂದರೆ ಬೆಳಕನ್ನು ಬಾಗಿಸುವ ಅಳತೆ, ಸುಮಾರು 3.48; ಸುತ್ತಲಿನ ಸಿಲಿಕಾದ್ದು, ಅಂದರೆ ಗಾಜಿನಂಥ ಪದರದ್ದು, 1.44. ಇಷ್ಟು ಅಂತರವಿರುವುದರಿಂದಲೇ 450 ನ್ಯಾನೊಮೀಟರ್ ಅಗಲ, 220 ನ್ಯಾನೊಮೀಟರ್ ಎತ್ತರದ ಓಣಿಯಲ್ಲಿ ಬೆಳಕು ಚೆಲ್ಲದೆ ತಿರುಗುತ್ತದೆ.

ನಮ್ಮ ಪ್ರಾಜೆಕ್ಟ್ ಒತ್ತಡ ಸಂವೇದಕದ ವಿನ್ಯಾಸ. ಸಿಲಿಕಾನಿನ ತೆಳುವಾದ ಚೌಕ ಪೊರೆಯ ಮೇಲೆ ಆ ಓಣಿಯನ್ನು ಉಂಗುರವಾಗಿ ಸುತ್ತಬೇಕು. ಉಂಗುರದ ಸುತ್ತಳತೆಗೆ ಪೂರ್ಣ ಸಂಖ್ಯೆಯ ತರಂಗಗಳು ಹೊಂದಿಕೊಂಡಾಗ ಬೆಳಕು ಒಳಗೇ ಸುತ್ತುತ್ತದೆ; ಹೊರಬರುವ ಬೆಳಕಿನ ರೋಹಿತದಲ್ಲಿ ಆ ತರಂಗಾಂತರದ ಜಾಗದಲ್ಲೊಂದು ಚೂಪಾದ ತಗ್ಗು ಬೀಳುತ್ತದೆ. ಒತ್ತಡಕ್ಕೆ ಪೊರೆ ಬಾಗಿದರೆ ಉಂಗುರವೂ ಎಳೆಯಲ್ಪಟ್ಟು ತಗ್ಗು ಪಕ್ಕಕ್ಕೆ ಸರಿಯುತ್ತದೆ.

ಉಂಗುರವನ್ನು ಎಲ್ಲಿ ಇಡುತ್ತೀರಿ ಎಂದು ಒಂದು ಮಧ್ಯಾಹ್ನ ಮೇಷ್ಟರು ಕೇಳಿದರು. ಹೆಚ್ಚು ಬಾಗುವುದು ಪೊರೆಯ ನಡು ಭಾಗವಾದ್ದರಿಂದ ಎಲ್ಲರ ಬೆರಳೂ ಅಲ್ಲಿಗೇ ಹೋಯಿತು. ಪ್ರತಿ ವರ್ಷವೂ ಹಾಗೇ ಆಗುತ್ತದೆ ಎಂದು ಆಮೇಲೆ ಹಿರಿಯರು ಹೇಳಿ ನಕ್ಕರು. ಆದರೆ ಅಂಚು ಬಿಗಿಯಾಗಿರುವ ಪೊರೆಯಲ್ಲಿ ಅತಿ ಹೆಚ್ಚು ಎಳೆತ ಬೀಳುವುದು ಪ್ರತಿ ಅಂಚಿನ ಮಧ್ಯಬಿಂದುವಿನ ಬಳಿ. ಉಂಗುರವನ್ನು ಅಂಚಿನುದ್ದಕ್ಕೂ ಓಟದ ಮೈದಾನದ ಹಾಗೆ ಚಾಚುವ ವಿನ್ಯಾಸ ಹುಟ್ಟಿದ್ದು ಆ ಮಧ್ಯಾಹ್ನ.

ಸೂಕ್ಷ್ಮತೆ ಹೆಚ್ಚಿಸುವುದು ಸುಲಭವೆಂದು ಆಗ ತೋರಿತು. ಪೊರೆಯ ದಪ್ಪವನ್ನು ಅರ್ಧ ಮಾಡಿದರೆ ಬಾಗು ಎಂಟು ಪಟ್ಟಾಗುತ್ತದೆ, ಬದಿಯನ್ನು ಎರಡು ಪಟ್ಟು ಮಾಡಿದರೆ ಹದಿನಾರು ಪಟ್ಟು. ನನ್ನ ಜೊತೆಗಾರ್ತಿ ಪೊರೆಯನ್ನು ತೆಳುಗೊಳಿಸುತ್ತಲೇ ಹೋದಳು. ಮೇಷ್ಟರು ಅವಳ ಗ್ರಾಫನ್ನು ನೋಡಿ, "ಉಷ್ಣತೆ ಒಂದು ಡಿಗ್ರಿ ಏರಿದರೆ ಏನಾಗುತ್ತದಮ್ಮ?" ಎಂದಷ್ಟೇ ಕೇಳಿದರು. ಸಿಲಿಕಾನಿನ ಉಂಗುರದಲ್ಲಿ ಡಿಗ್ರಿಯೊಂದಕ್ಕೆ ತಗ್ಗು ಸುಮಾರು 0.08 ನ್ಯಾನೊಮೀಟರ್ ಸರಿಯುತ್ತದೆ. ಸಣ್ಣ ಒತ್ತಡದ ಸುದ್ದಿ ಅದರಲ್ಲಿ ಸುಲಭವಾಗಿ ಮುಳುಗಿಹೋಗುತ್ತದೆ. ಅಂದಿನಿಂದ ಚಿತ್ರದಲ್ಲಿ ಎರಡನೆಯ ಉಂಗುರವೊಂದು ಬಂತು: ಪೊರೆಯಿಂದಾಚೆ, ದಪ್ಪ ಸಿಲಿಕಾನಿನ ಮೇಲೆ. ಅದು ಉಷ್ಣತೆಯನ್ನು ಮಾತ್ರ ಅನುಭವಿಸುತ್ತದೆ, ಹಾಗಾಗಿ ಒಂದರಿಂದ ಇನ್ನೊಂದನ್ನು ಕಳೆಯಬಹುದು. ಸಂವೇದಕ ಏನನ್ನು ಗಮನಿಸಬಾರದು ಎಂಬುದನ್ನು ತೀರ್ಮಾನಿಸುವುದೇ ವಿನ್ಯಾಸದ ಕಷ್ಟದ ಪಾಲು ಎಂದು ನಾನು ಈಗಲೂ ವಾದಿಸುತ್ತೇನೆ.

ತಯಾರಿಕೆಯ ಬಗ್ಗೆ ಒಂದೇ ಮಾತು. ಪೊರೆ ಮೂಡಲು ಬಿಲ್ಲೆಯನ್ನು ಹಿಂಬದಿಯಿಂದ ಕೊರೆಯುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ, ಹರಳಿನ ರಚನೆಯಿಂದಾಗಿ ಸಿಲಿಕಾನನ್ನು ನೇರವಾಗಿ ಕೊರೆಯದೆ 54.7 ಡಿಗ್ರಿ ಓರೆಯ ಗೋಡೆಗಳನ್ನು ಬಿಟ್ಟುಹೋಗುತ್ತದೆ. 500 ಮೈಕ್ರೊಮೀಟರ್ ಆಳ ಕೊರೆಯಲು ಹಿಂಬದಿಯಲ್ಲಿ ದ್ರಾವಣಕ್ಕೆ ತೆರೆದಿಡುವ ಕಿಟಕಿ ಪೊರೆಗಿಂತ ಸುಮಾರು 700 ಮೈಕ್ರೊಮೀಟರ್ ಹೆಚ್ಚು ಅಗಲವಿರಬೇಕು. ಹರಳಿನ ಜ್ಯಾಮಿತಿ ಪರೀಕ್ಷೆಗಷ್ಟೇ ಎಂದುಕೊಂಡಿದ್ದವರಿಗೆ ಅಲ್ಲಿ ಒಳ್ಳೆಯ ಪೆಟ್ಟು ಬಿತ್ತು.

ಈಗ ಯಾರಾದರೂ ಹೊಸ ಸಂವೇದಕದ ಅಂಕಿಗಳನ್ನು ಹಿಡಿದು ಬಂದರೆ ಉಷ್ಣತೆಯ ಕೋಷ್ಟಕವನ್ನೇ ಮೊದಲು ಕೇಳುತ್ತೇನೆ. ಸೂಕ್ಷ್ಮತೆಯ ದೊಡ್ಡ ಅಂಕಿಯನ್ನು ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದವರಿಗೆ ಇದು ಹಿಡಿಸುವುದಿಲ್ಲ.