ಹಲ್ಲಿನ ಮೇಲಿನ ಪೊರೆ ತೆಗೆಯೋದು ಹೇಗೆ ಅಂತ ಕೇಳುವವರಿಗೆ

ನನ್ನ ಕೆಲಸ ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಒಂದೇ. "ಹಲ್ಲಿನ ಮೇಲೆ ಕಟ್ಟುವ ಪೊರೆ ಬಗ್ಗೆ ಸಂಶೋಧನೆ ಮಾಡ್ತೀರಂತೆ. ಅದನ್ನ ಪೂರ್ತಿ ತೆಗೆಯೋದು ಹೇಗೆ?"

ತೆಗೆಯಬೇಡಿ. ಉತ್ತರ ಮುಗಿಯಿತು. ಇಷ್ಟಕ್ಕೆ ಸಮಾಧಾನ ಆಗದವರು, ಅಂದರೆ ಎಲ್ಲರೂ, ಮುಂದೆ ಓದಿ.

ಒಮ್ಮೆ ರಾತ್ರಿ ರೈಲಿನಲ್ಲಿ ಎದುರು ಸೀಟಿನವರು ಏನು ಕೆಲಸ ಅಂತ ಕೇಳಿದರು. ಹೇಳಿದ್ದೇ ತಪ್ಪಾಯಿತು. ನಾನು ಡೆಂಟಿಸ್ಟ್ ಅಲ್ಲ, ಲ್ಯಾಬಿನಲ್ಲಿ ಪ್ರೋಟೀನ್ ನೋಡುವ ಕೆಲಸ ಅಂತ ಎರಡು ಸಲ ಹೇಳಿದೆ. ಅಷ್ಟರಲ್ಲಿ ಅವರು ಮೊಬೈಲ್ ಟಾರ್ಚ್ ಹಾಕಿ, ಬಾಯಿ ಅಗಲಿಸಿ, ಬೆರಳಿನಿಂದ ಕೆನ್ನೆ ಎಳೆದು ಹಿಡಿದಾಗಿತ್ತು. "ಇಯೇ ಅಯ್ವಾ ನಿಂ ಪೊಯೆ?" ಮೇಲಿನ ದವಡೆ ಹಲ್ಲಿನ ಬುಡದಲ್ಲಿ ಹಳದಿಯ ಗಟ್ಟಿ ಕರೆ. ಅದು ಟಾರ್ಟರ್, ನಾನು ನೋಡುವ ಪೊರೆ ಕಣ್ಣಿಗೆ ಕಾಣಲ್ಲ ಅಂದೆ. ಕಾಣದೇ ಇರೋದಕ್ಕೂ ಸಂಬಳ ಕೊಡ್ತಾರಾ ಅನ್ನುವ ಹಾಗೆ ನೋಡಿದರು. ಮೇಲಿನ ಬರ್ತಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ಹಲ್ಲು ಕಚ್ಚಿಕೊಂಡು ಕೂತೆ.

ಅದಕ್ಕೇ ಮೊದಲು ಹೆಸರು ಸರಿ ಮಾಡಿಕೊಳ್ಳೋಣ. ನಾಲಿಗೆಗೆ ಒರಟಾಗಿ ತಗಲುವ ಪಾಚಿ ಪ್ಲಾಕ್. ಅದು ಬ್ಯಾಕ್ಟೀರಿಯಾಗಳ ಊರು. 1683ರಲ್ಲಿ ಸೂಕ್ಷ್ಮದರ್ಶಕ ಮಾಡಿಕೊಂಡು ಕೂರುತ್ತಿದ್ದ ಡಚ್ಚರವನು ಲೇವನ್‌ಹುಕ್ ತನ್ನ ಹಲ್ಲಿನಿಂದ ಕೆರೆದು, ಮಸೂರದ ಕೆಳಗೆ ಇಟ್ಟು ಬೆರಗಾಗಿದ್ದು ಅದನ್ನೇ ನೋಡಿ. ಅದು ಕಲ್ಲಾದರೆ ಟಾರ್ಟರ್. ನನ್ನದು ಇವೆರಡಕ್ಕೂ ಮೊದಲು ಬರುವ ಪೆಲಿಕಲ್. ಜೊಲ್ಲಿನ ಪ್ರೋಟೀನುಗಳು ಎನಾಮೆಲ್‌ಗೆ, ಅಂದರೆ ಹಲ್ಲಿನ ಗಟ್ಟಿ ಹೊರಪದರಕ್ಕೆ, ಅಂಟಿಕೊಂಡು ಆಗುವ ಪೊರೆ. ಶುರುವಿನಲ್ಲಿ ಅದರಲ್ಲಿ ಬ್ಯಾಕ್ಟೀರಿಯಾ ಇರುವುದೇ ಇಲ್ಲ. ಹಲ್ಲನ್ನು ಪಾಲಿಶ್ ಮಾಡಿ ಬೋಳಿಸಿದರೂ ಕೆಲವೇ ನಿಮಿಷಗಳಲ್ಲಿ 10ರಿಂದ 20 ನ್ಯಾನೊಮೀಟರ್ ದಪ್ಪದ ಪೊರೆ ವಾಪಸ್ ಬಂದಿರುತ್ತದೆ. ಇಂಥ 50,000 ಪೊರೆ ಪೇರಿಸಿದರೂ ದಪ್ಪ ಒಂದು ಮಿಲಿಮೀಟರ್ ದಾಟೋದು ಕಷ್ಟ. ಇದನ್ನ "ಪೂರ್ತಿ" ತೆಗೆಯಬೇಕಂತೆ!

ತೆಗೆದು ಏನು ಮಾಡ್ತೀರಿ? ಹಲ್ಲಿಗೆ ಹಲ್ಲು ಉಜ್ಜಿದಾಗ ಜಾರುವಂತೆ ಮಾಡುವುದು ಅದು. ಹುಳಿ ಬಂದಾಗ ಎನಾಮೆಲ್ ಕರಗುವುದನ್ನು ನಿಧಾನ ಮಾಡುವುದೂ ಅದು. ಮೇಲಿನ ಮುಂದಿನ ಹಲ್ಲುಗಳ ಒಳಬದಿಯಲ್ಲಿ ಈ ಪೊರೆ ತೀರಾ ತೆಳು. ಆಮ್ಲದಿಂದ ಹಲ್ಲು ಸವೆಯೋದೂ ಅಲ್ಲೇ ಜಾಸ್ತಿ.

ಸರಿ, ಪಾಚಿ ಕಟ್ಟೋದು ಇದರ ಮೇಲೇ, ಒಪ್ಪಿದೆ. ಸ್ಟ್ರೆಪ್ಟೊಕಾಕಸ್ ಗುಂಪಿನ ಕೆಲವು ಬ್ಯಾಕ್ಟೀರಿಯಾ ಇದೇ ಪ್ರೋಟೀನುಗಳನ್ನು ಹಿಡಿದುಕೊಂಡು ಹಲ್ಲಿಗೆ ಹತ್ತುತ್ತವೆ. ಗೋಡೆ ಮೇಲೆ ಯಾರೋ ಗೀಚಿದರು ಅಂತ ಗೋಡೆ ಕೆಡವ್ತೀರಾ? ಗೀಚಿದ್ದನ್ನ ಒರೆಸಿ. ಬ್ರಷ್ ಇರುವುದು ಅದಕ್ಕೇ, ಅದನ್ನ ಬಿಡಬೇಡಿ ಮತ್ತೆ.

ಇಷ್ಟು ವರ್ಷದಲ್ಲಿ ಒಬ್ಬರಾದರೂ ಕೇಳಬೇಕಿದ್ದ ಪ್ರಶ್ನೆ ಬೇರೆಯೇ ಇದೆ. ಹಲ್ಲು ದಿನೇ ದಿನೇ ದಪ್ಪ ಆಗ್ತಾ ಯಾಕೆ ಹೋಗಲ್ಲ?

ನಗಬೇಡಿ. ಎನಾಮೆಲ್ ಆಗಿರುವುದು ಬಹುಪಾಲು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್‌ನಿಂದ. ಜೊಲ್ಲಿನಲ್ಲೂ ಅವೇ ಇವೆ. ಅದೂ ಕರಗಿಸಿಟ್ಟುಕೊಳ್ಳುವ ಮಿತಿಗಿಂತ ಜಾಸ್ತಿ. ಲೆಕ್ಕದ ಪ್ರಕಾರ ಅವು ಹಲ್ಲಿನ ಮೇಲೆ ಹರಳುಗಟ್ಟುತ್ತಲೇ ಇರಬೇಕಿತ್ತು. ಹಾಗಾಗದಂತೆ ತಡೆಯುವವರಲ್ಲಿ ಒಬ್ಬ ಸ್ಟಾಥೆರಿನ್. ಬರೀ 43 ಅಮೈನೋ ಆಮ್ಲಗಳ ಪುಟಾಣಿ ಪ್ರೋಟೀನ್. ಅದರ ಒಂದು ತುದಿಯಲ್ಲಿ ಋಣ ವಿದ್ಯುದಂಶ ತುಂಬಿಕೊಂಡಿದೆ, ಆ ತುದಿಯಿಂದ ಎನಾಮೆಲ್ ಮೇಲಿನ ಕ್ಯಾಲ್ಸಿಯಮ್ಮನ್ನು ಹಿಡಿದು ಕೂರುತ್ತದೆ. ಹೊಸ ಹರಳಿಗೆ ಜಾಗ ಬಿಡಲ್ಲ. ಹುಳಿ ತಾಗಿ ಹಲ್ಲು ಒಂಚೂರು ಕರಗಿದಾಗ ರಿಪೇರಿಗೆ ಬೇಕಾದ ಸರಕು ಜೊಲ್ಲಿನಲ್ಲಿ ತಯಾರಿರಬೇಕು, ಆದರೆ ಸುಮ್ನೆ ಸುಮ್ನೆ ಕಲ್ಲಾಗಬಾರದು. ಈ ಎರಡನ್ನೂ ಒಟ್ಟಿಗೆ ನಿಭಾಯಿಸುವವರು ಪೆಲಿಕಲ್‌ನಲ್ಲೇ ಇದ್ದಾರೆ. ನಾನು ಬೆಳಗ್ಗೆ ಎದ್ದು ಲ್ಯಾಬಿಗೆ ಹೋಗೋದು ಇದಕ್ಕೆ. ಟೂತ್‌ಪೇಸ್ಟ್ ಆರಿಸಿಕೊಡೋದಕ್ಕೆ ಅಲ್ಲ.

ಪಾಚಿ ನಿಂತ ಕಡೆ ಮಾತ್ರ ಈ ಕಾವಲು ಸಾಲುವುದಿಲ್ಲ. ಜೊಲ್ಲು ಬಂದು ಬೀಳುವ ಜಾಗದ ಹತ್ತಿರ ಪಾಚಿ ಇದ್ದರಂತೂ ಬೇಗ ಕಲ್ಲಾಗುತ್ತದೆ. ಆ ರಾತ್ರಿ ಕೂತಲ್ಲೇ ನನಗೆ ಇದು ಹೊಳೆಯಿತು. ರೈಲಿನವರು ಎಳೆದು ಹಿಡಿದಿದ್ದ ಆ ಕೆನ್ನೆಯ ಒಳಗೇ, ಮೇಲಿನ ದವಡೆ ಹಲ್ಲಿಗೆ ಎದುರಾಗಿ, ಜೊಲ್ಲಿನ ನಾಳದ ಬಾಯಿ ಇರುತ್ತದೆ. ಅವರ ಟಾರ್ಟರ್ ಅಲ್ಲೇ ಯಾಕೆ ಕಟ್ಟಿತ್ತು ಅನ್ನುವುದಕ್ಕೆ ಉತ್ತರ ಅವರ ಬೆರಳ ಹತ್ತಿರವೇ ಇತ್ತು! ಹೇಳೋಣ ಅಂತ ಉತ್ಸಾಹದಿಂದ ಅತ್ತ ತಿರುಗಿದೆ. ಟಾರ್ಚ್ ಆರಿತ್ತು. ಬಾಯಿ ಮಾತ್ರ ಹಾಗೇ ತೆರೆದುಕೊಂಡು ಗೊರಕೆ ಹೊಡೆಯುತ್ತಿತ್ತು.