ಹಳೆ ಮಾರ್ಟಿನಿಗೆ ಯಾವ ತೋಟಾ?

ಹಳೆ ಮಿಲಿಟರಿ ಕೋವಿಯ ನಳಿಗೆ ಬಾಯಿಗೆ ಸ್ಕೇಲ್ ಹಿಡಿದು ಫೋಟೋ ತೆಗೆದು "ಅಣ್ಣಾ, ಇದಕ್ಕೆ ಯಾವ ತೋಟಾ ಬರತ್ತೆ?" ಅಂತ ಕೇಳುವವರು ನಮ್ಮ ಕೊಡಗಿನ ಕಡೆ ಜಾಸ್ತಿ. ಆಯುಧ ಪೂಜೆಯ ನಮ್ಮ ಹಬ್ಬ ಕೈಲ್‌ಪೊಳ್ದ್ ಬಂತೆಂದರೆ ಅಜ್ಜನ ಕಾಲದ್ದೆಲ್ಲ ಹೊರಗೆ ಬರುತ್ತದೆ, ಒರೆಸಿ ತೋಕ್‌ಪೂ (ಕೋವಿ ಹೂ) ಇಟ್ಟು ಪೂಜೆ ಮಾಡುವಾಗ ಮನೆಯ ಯಾರಾದರೊಬ್ಬ ಹುಡುಗನಿಗೆ ಈ ಪ್ರಶ್ನೆ ಹುಟ್ಟಿಯೇ ಹುಟ್ಟುತ್ತದೆ. ನಳಿಗೆ ಬಾಯಿ ಅಳೆದು ತೋಟಾ ಹೇಳಲು ಆಗುವುದಿಲ್ಲ ಮಾರಾಯ. ಹಿಂದಿನ ಚೇಂಬರ್, ಅಂದರೆ ತೋಟಾ ಕೂರುವ ಗೂಡು ನೋಡಬೇಕು. ಅದಕ್ಕೂ ಮೊದಲು ಒಳಗೆ ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು.

ಮಾರ್ಟಿನಿ-ಹೆನ್ರಿಯನ್ನೇ ತಗೊಳ್ಳಿ. 1871ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದ ರೈಫಲ್, ಒಂದು ಸಲಕ್ಕೆ ಒಂದೇ ತೋಟಾ. ಕೆಳಗಿನ ಲಿವರ್ ಎಳೆದರೆ ಚೇಂಬರ್ ಮುಚ್ಚುವ ಉಕ್ಕಿನ ಬ್ಲಾಕ್ ಇಳಿದು ಅದು ತೆರೆದುಕೊಳ್ಳುತ್ತದೆ. ನಳಿಗೆ ಬಾಯಿ ಸುಮಾರು 11.4 ಮಿ.ಮೀ., ಅಂದರೆ .45 ಇಂಚು. ಇಷ್ಟು ಅಳೆದವನು .45 ತೋಟಾ ಹುಡುಕಲು ಹೊರಡುತ್ತಾನೆ. ಆದರೆ ಇದರ ತೋಟಾ .577/450. ಮೊದಲಿದ್ದ ಸ್ನೈಡರ್ ರೈಫಲ್‌ನ .577 ದಪ್ಪದ ಕೇಸಿಗೆ (ಮದ್ದು ತುಂಬುವ ಲೋಹದ ಕೊಳವೆಗೆ) ಕುತ್ತಿಗೆ ಕಿರಿದು ಮಾಡಿ .450 ಗುಂಡು ಕೂರಿಸಿದ್ದು. 31 ಗ್ರಾಂ ಸೀಸದ ಗುಂಡು, ಹಿಂದೆ ಐದೂವರೆ ಗ್ರಾಂ ಕರಿಮದ್ದು, ಅಂದರೆ ಹೊಗೆ ಬರುವ ಹಳೆ ಮದ್ದು. ಶುರುವಿನಲ್ಲಿ ಕೇಸನ್ನು ತೆಳು ಹಿತ್ತಾಳೆ ತಗಡು ಸುತ್ತಿ ಮಾಡುತ್ತಿದ್ದರು, ಬಿಸಿಗೆ ಅದು ಚೇಂಬರ್‌ನಲ್ಲಿ ಅಂಟಿಕೊಂಡು ಸೈನಿಕರಿಗೆ ಒದ್ದಾಟ ಆಗುತ್ತಿತ್ತು. ಇದೇ ರೈಫಲ್‌ನ ಗಿಡ್ಡ ರೂಪ ಕಾರ್ಬೈನ್‌ಗೆ ಅದೇ ಅಳತೆಯ ಕೇಸು, ಆದರೆ ಗುಂಡು ಹಗುರ, ಮದ್ದೂ ಕಮ್ಮಿ. ರೈಫಲ್ ತೋಟಾ ಕಾರ್ಬೈನ್‌ಗೂ ಹೋಗುತ್ತೆ, ಒದೆತ ತಿನ್ನುವ ಹೆಗಲು ಮಾತ್ರ ನಿಮ್ಮದು.

ಅದೇ 1870ರ ದಶಕದಲ್ಲಿ ಅಮೆರಿಕದ ಪ್ರಾವಿಡೆನ್ಸ್ ಟೂಲ್ ಕಂಪನಿ ತುರ್ಕಿಗೆ ಪೀಬಾಡಿ-ಮಾರ್ಟಿನಿ ಮಾಡಿಕೊಟ್ಟಿತು. ನೋಡಲು ಅಣ್ಣತಮ್ಮ, ನಳಿಗೆಯೂ .45, ಚೇಂಬರ್ ಮಾತ್ರ ಬೇರೆ. ಸ್ಕೇಲ್ ಹಿಡಿದವನಿಗೆ ಇವೆರಡೂ ಒಂದೇ, ಅಲ್ವಾ?

ಇನ್ನು ಮಾರ್ಟಿನಿ-ಎನ್‌ಫೀಲ್ಡ್. .303 ಬಂದ ಮೇಲೆ ಬ್ರಿಟಿಷರು ಹಳೆ ಮಾರ್ಟಿನಿಗಳಿಗೇ ಹೊಸ ನಳಿಗೆ ಹಾಕಿ ಇದನ್ನು ಮಾಡಿದರು. ಇದರ ಬಾಯಿ ಪೆನ್ಸಿಲ್ ದಪ್ಪ ಇರುವುದರಿಂದ ಕಣ್ಣಿಗೇ ಗೊತ್ತಾಗುತ್ತದೆ. ಬಲಮಗ್ಗುಲಿನ ಮುದ್ರೆಯನ್ನೂ ಓದಿ: ಮೇಲೆ ಕಿರೀಟ, ಕೆಳಗೆ ವಿ.ಆರ್., ಆಮೇಲೆ ಎನ್‌ಫೀಲ್ಡ್ ಅಥವಾ ಕಂಪನಿ ಹೆಸರು, ಇಸವಿ, ಮಾರ್ಕ್ ನಂಬರು. ವಿ.ಆರ್. ಅಂದರೆ ವಿಕ್ಟೋರಿಯಾ ರಾಣಿ, ಆಕೆ ತೀರಿಕೊಂಡದ್ದು ಜನವರಿ 1901ರಲ್ಲಿ. ವಿ.ಆರ್. ಕೆಳಗೆ 1905 ಅಂತಿದ್ದರೆ, ಅಥವಾ ಇಂಗ್ಲಿಷ್ ಎನ್ ಅಕ್ಷರ ತಿರುಗುಮುರುಗಾಗಿದ್ದರೆ, ಅದು ಖೈಬರ್ ಕಣಿವೆ ಕಡೆಯ ಕಮ್ಮಾರರ ಕೈಕೆಲಸ ಅಂದುಕೊಳ್ಳಿ. ಅಂಥದ್ದರ ಚೇಂಬರ್ ಯಾವ ಪುಸ್ತಕದ ಅಳತೆಗೂ ಸಿಗುವುದಿಲ್ಲ. ಗೋಡೆಗೆ ಚೆನ್ನಾಗಿರುತ್ತೆ, ಅಷ್ಟೇ.

ಮುದ್ರೆ ಸವೆದು ಹೋಗಿದ್ದರೆ? ಆಗ ಚೇಂಬರ್‌ನ ಅಚ್ಚು ತೆಗೆಯಬೇಕು. ಸೆರೋಸೇಫ್ ಅಂತ ಒಂದು ಮಿಶ್ರಲೋಹ ಇದೆ, ಕುದಿಯುವ ನೀರಿನ ಬಿಸಿಗಿಂತ ಕಮ್ಮಿಯಲ್ಲೇ ಕರಗುತ್ತದೆ. ಬ್ಲಾಕ್ ಬಿಚ್ಚಿ, ಚೇಂಬರ್ ಒರೆಸಿ, ನಳಿಗೆಯೊಳಗೆ ಚೇಂಬರ್ ಮುಗಿಯುವ ಜಾಗದಿಂದ ಸ್ವಲ್ಪ ಮುಂದೆ ಬಟ್ಟೆ ತುರುಕಿ, ಹಿಂದಿನಿಂದ ಹೊಯ್ಯುತ್ತಾರೆ. ಮೊದಲು ಸ್ವಲ್ಪ ಕುಗ್ಗುತ್ತದೆ, ಆಗಲೇ ತೆಗೆದುಬಿಡಬೇಕು, ಯಾಕೆಂದರೆ ಆಮೇಲೆ ಮತ್ತೆ ಹಿಗ್ಗುತ್ತದೆ. ಹೊಯ್ದು ಸುಮಾರು ಒಂದು ಗಂಟೆಗೆ ಅದರ ಅಳತೆ ಚೇಂಬರ್‌ಗೆ ಸರಿಸಮ. ಆಗ ವರ್ನಿಯರ್ (ಸೂಕ್ಷ್ಮ ಅಳತೆಯ ಇಕ್ಕುಳ) ಹಿಡಿದರೆ ಬುಡ, ಭುಜ, ಕುತ್ತಿಗೆ ಎಲ್ಲ ಸಿಗುತ್ತದೆ. ಗಾಡಿ, ಅಂದರೆ ನಳಿಗೆಯೊಳಗಿನ ಸುರುಳಿ ಕೊರೆತದ ಗೆರೆ, ಬಿದ್ದಿರುವ ಭಾಗ ಮಾತ್ರ ಸತಾಯಿಸುತ್ತದೆ. ಮಾರ್ಟಿನಿ-ಹೆನ್ರಿಗೆ ಏಳು ಗಾಡಿ, ಬೆಸ ಸಂಖ್ಯೆ, ಒಂದು ಗಾಡಿಯ ಎದುರಿಗೆ ಇನ್ನೊಂದು ಗಾಡಿ ಬರುವುದೇ ಇಲ್ಲ, ಹಾಗಾಗಿ ವರ್ನಿಯರ್ ತೋರಿಸುವ ಅಳತೆ ಯಾವಾಗಲೂ ಸ್ವಲ್ಪ ಕಮ್ಮಿ. ಇದನ್ನು ಬಂದೂಕು ರಿಪೇರಿ ಲೈಸೆನ್ಸ್ ಇದ್ದವರ ಹತ್ತಿರ ಮಾಡಿಸುವುದೇ ಒಳ್ಳೆಯದು.

ನಮ್ಮ ದೇಶದಲ್ಲಿ ಇದಕ್ಕಿಂತ ದೊಡ್ಡ ಗೋಜಲು ಲೀ-ಎನ್‌ಫೀಲ್ಡ್ ಮನೆತನದ್ದು. ನೋಡಲು ಹತ್ತಿರಹತ್ತಿರ ಒಂದೇ ಥರದ ನಾಲ್ಕು ಇವೆ. ಒಂದು ಅಸಲಿ .303. ಇನ್ನೊಂದು 1962ರ ಯುದ್ಧದ ನಂತರ ಇಶಾಪುರ ಕಾರ್ಖಾನೆ ಮಾಡಿದ 2ಎ1, ಅದಕ್ಕೆ 7.62 ನ್ಯಾಟೋ ತೋಟಾ; ಮ್ಯಾಗಜೀನ್ ಚೌಕಾಕಾರ ಇದ್ದರೆ ಅದೇ. ಮೂರನೆಯದು ಕಾವಲಿನವರಿಗೆ ಅಂತ ಬೋರ್ (ನಳಿಗೆಯ ಒಳ ರಂಧ್ರ) ಕೊರೆದು ನುಣುಪು ಮಾಡಿದ .410 ಮಸ್ಕೆಟ್. ಹೆಸರು .410 ಆದರೂ ಅಂಗಡಿಯ .410 ಚರೆ ತೋಟಾ ಇದರ ಮೂಲ ಚೇಂಬರ್‌ಗೆ ಹೋಗುವುದಿಲ್ಲ, ಯಾಕೆಂದರೆ ಇದರ ತೋಟಾ .303 ಕೇಸನ್ನೇ ಕುತ್ತಿಗೆ ಮಾಡದೆ ನೇರ ಬಿಟ್ಟದ್ದು. ನಾಲ್ಕನೆಯದು .315 ಸ್ಪೋರ್ಟಿಂಗ್ ರೈಫಲ್, ಅದರ ಕೇಸು ಆಸ್ಟ್ರಿಯಾದ 8 ಮಿ.ಮೀ. ಮ್ಯಾನ್‌ಲಿಖರ್‌ನದು. .303 ಮತ್ತು .315, ಎಷ್ಟು ಹತ್ತಿರದ ಸಂಖ್ಯೆ ನೋಡಿ! ಒಂದರದ್ದು ಇನ್ನೊಂದಕ್ಕೆ ಅಲ್ಲವೇ ಅಲ್ಲ.

.315 ಇಲ್ಲಿ ಹುಟ್ಟಿದ್ದಕ್ಕೂ ಕಾರಣ ಇದೆ, .303 ನಮ್ಮಲ್ಲಿ ಸಾಮಾನ್ಯ ಲೈಸೆನ್ಸಿಗೆ ಸಿಗದ ನಿಷೇಧಿತ ಬೋರ್. ಕೋವಿ ಲೈಸೆನ್ಸಿನಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಕೊಡಗಿನ ವಿನಾಯಿತಿಯನ್ನು ಕೇಂದ್ರ 2019ರಲ್ಲಿ ಹತ್ತು ವರ್ಷ ಮುಂದುವರಿಸಿದೆ ನಿಜ, ಆದರೂ ಮನೆಯಲ್ಲಿರುವುದು ಯಾವ ಬೋರ್ ಅಂತ ಗೊತ್ತಾದ ಮೇಲೆ ಡಿಸಿ ಕಚೇರಿಯ ಶಸ್ತ್ರಾಸ್ತ್ರ ವಿಭಾಗದಲ್ಲಿ ಒಮ್ಮೆ ಕೇಳಿ ದಾಖಲೆ ಸರಿ ಮಾಡಿಸಿಕೊಳ್ಳಿ. ಮತ್ತೆ, ಚೇಂಬರ್ .577/450 ಅಂತ ಖಾತ್ರಿ ಆದರೂ ಅದು ಕರಿಮದ್ದಿನ ಕಾಲದ ಉಕ್ಕು. ಈಗಿನ ಹೊಗೆಯಿಲ್ಲದ ಮದ್ದಿನ ಒತ್ತಡಕ್ಕೆ ಅದನ್ನು ಮಾಡಿದ್ದಲ್ಲ.